ಕರೆಂಟು ಎಲ್ಲಾ ದೇಶದಲ್ಲೂ ಒಂದೇ ಅಲ್ಲ

ನಿಮ್ಮ ತಂಗಿ ಕೆಲಸಕ್ಕೆಂದು ಕುವೈತಿಗೆ ಹೊರಟಿದ್ದಾಳೆ ಎನ್ನಿ. ನಮ್ಮ ರಾಯಲಸೀಮೆಯಿಂದ ಕುವೈತ್, ದುಬೈ, ಸೌದಿ ಅರೇಬಿಯಕ್ಕೆ ದುಡಿಯಲು ಹೋಗುವವರು ಬಹಳ ಜನ. ಆದೋನಿಯ ಮನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದೀರಿ. ಉಪ್ಪಿನಕಾಯಿ ಆಯಿತು, ಶೇಂಗಾ ಪುಡಿ ಆಯಿತು. ಸೆಲ್ ಚಾರ್ಜರ್, ಇಸ್ತ್ರಿ ಪೆಟ್ಟಿಗೆ, ಸಣ್ಣ ಮಿಕ್ಸಿ ಉಳಿದಿವೆ.

"ಈ ಮಿಕ್ಸಿ ಅಲ್ಲಿ ನಡೀತೈತೇನವ್ವಾ?" ಎಂದು ತಂಗಿ ಕೇಳುತ್ತಾಳೆ. ನೀವು ಏನು ಹೇಳುತ್ತೀರಿ?

ಮೊದಲು ವೋಲ್ಟ್ ಅಂದರೇನು ನೋಡೋಣ. ನೀರಿನ ಟ್ಯಾಂಕು ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದೆ. ತಗ್ಗಿನಲ್ಲಿದ್ದರೆ ಮೆಲ್ಲಗೆ ಬರುತ್ತದೆ. ಕರೆಂಟಿಗೂ ಇಂಥದೇ ಒತ್ತಡ ಉಂಟು. ಆ ಒತ್ತಡದ ಅಳತೆಯೇ ವೋಲ್ಟ್.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ದುಬೈಯಲ್ಲೂ 230. ಕುವೈತಿನಲ್ಲಿ 240. ಇವು ಹೆಚ್ಚುಕಡಿಮೆ ಒಂದೇ. ಹಾಗಾಗಿ ನಮ್ಮ ಮಿಕ್ಸಿ ಅಲ್ಲಿ ನಡೆಯುತ್ತದೆ. ಸೌದಿಯಲ್ಲಿ ಮಾತ್ರ ಕೇಳಿ ನೋಡಬೇಕು. ಅಲ್ಲಿ ಮೊದಲು ಮನೆಗಳಿಗೆ 127 ವೋಲ್ಟ್ ಇತ್ತು. ಈಗ 230ಕ್ಕೆ ಬದಲಾಯಿಸಿದ್ದಾರೆ. ಆದರೂ ಹಳೆಯ ಕಟ್ಟಡಗಳಲ್ಲಿ 127 ಇರಬಹುದು. ಅಮೆರಿಕದಲ್ಲಿ 120, ಜಪಾನಿನಲ್ಲಿ 100.

ನಮ್ಮ ಇಸ್ತ್ರಿ ಪೆಟ್ಟಿಗೆಯನ್ನು 120 ವೋಲ್ಟಿಗೆ ಹಾಕಿದರೆ ಏನಾಗುತ್ತದೆ? ಕಾಲು ಭಾಗದಷ್ಟೇ ಶಾಖ ಬರುತ್ತದೆ. ಬಟ್ಟೆಯ ಸುಕ್ಕು ಹೋಗುವುದಿಲ್ಲ. ಆದರೆ ಅಮೆರಿಕದಿಂದ ಬಂದ 120 ವೋಲ್ಟಿನ ಮಿಕ್ಸಿಯನ್ನು ನಮ್ಮ ಮನೆಯ ಬೋರ್ಡಿಗೆ ಹಾಕಿದರೆ ಅಪಾಯ. ಅದು ಸುಟ್ಟುಹೋಗಬಹುದು. ಬೆಂಕಿಯೂ ಹತ್ತಬಹುದು.

ಇದನ್ನು ತಿಳಿಯುವುದು ಹೇಗೆ? ಓದಿ ತಿಳಿಯಬೇಕು! ಚಾರ್ಜರನ್ನು ತಿರುವಿ ನೋಡಿ. ಸಣ್ಣ ಅಂಕಿಗಳಿವೆ. ಅಂಕಿಯ ಪಕ್ಕದಲ್ಲಿ ಇಂಗ್ಲಿಷಿನ 'ವಿ' ಅಕ್ಷರ ಇರುತ್ತದೆ. ಎರಡು ಕಡ್ಡಿಗಳು ಕೆಳಗೆ ಕೂಡಿದಂತೆ ಕಾಣುತ್ತದೆ. 100-240 ಎಂದು ಇದ್ದರೆ ಆ ಚಾರ್ಜರ್ ಎಲ್ಲಾ ದೇಶದಲ್ಲೂ ನಡೆಯುತ್ತದೆ. 5 ಎಂಬ ಅಂಕಿಯೂ ಇರಬಹುದು. ಅದು ಚಾರ್ಜರಿನಿಂದ ಫೋನಿಗೆ ಹೋಗುವ ವೋಲ್ಟ್. ಮಿಕ್ಸಿಯ ಮೇಲೆ 230 ಎಂದಷ್ಟೇ ಇದ್ದರೆ, ಅದು 230ರ ಆಸುಪಾಸಿನ ಕರೆಂಟಿಗೆ ಮಾತ್ರ.

ಇನ್ನು ಪಿನ್ನಿನ ಮಾತು. ನಮ್ಮ ಪಿನ್ನು ದುಂಡಗೆ. ಕುವೈತ್, ದುಬೈ, ಸೌದಿಯಲ್ಲಿ ಮೂರು ಚಪ್ಪಟೆ ಪಿನ್ನು. ಅಲ್ಲಿನ ಬೋರ್ಡಿನ ಕೆಳಗಿನ ಎರಡು ತೂತಿಗೆ ಒಳಗಿನಿಂದ ಮುಚ್ಚಳ ಇರುತ್ತದೆ. ಮೇಲಿನ ಉದ್ದ ಪಿನ್ನು ಒಳಗೆ ಹೋದಾಗಲೇ ಮುಚ್ಚಳ ತೆರೆಯುತ್ತದೆ. ಮಕ್ಕಳು ಕಡ್ಡಿ ಹಾಕಬಾರದೆಂದು ಈ ಏರ್ಪಾಟು. ಕೆಲವರು ಮೇಲಿನ ತೂತಿಗೆ ಪೆನ್ನು ತುರುಕಿ ನಮ್ಮ ಪಿನ್ನು ಚುಚ್ಚುತ್ತಾರೆ. ಕೆಲವರು ಬರೀ ವೈರು ಸಿಕ್ಕಿಸಿ ಬೆಂಕಿಕಡ್ಡಿ ಇಡುತ್ತಾರೆ. ಹಾಗೆ ಮಾಡಲೇಬೇಡ್ರಿ. ಪಿನ್ನು ಸಡಿಲಾದರೆ ಕಿಡಿ ಹಾರುತ್ತದೆ. ಕೈಗೆ ಶಾಕ್ ಹೊಡೆಯುತ್ತದೆ.

ಇದಕ್ಕೆ ಅಡಾಪ್ಟರ್ ಎಂಬ ಸಣ್ಣ ವಸ್ತು ಸಿಗುತ್ತದೆ. ಒಂದು ಕಡೆ ನಮ್ಮ ಪಿನ್ನು ಹಿಡಿಯುತ್ತದೆ, ಇನ್ನೊಂದು ಕಡೆ ಅಲ್ಲಿನ ಬೋರ್ಡಿಗೆ ಕೂರುತ್ತದೆ. ಇಸ್ತ್ರಿ ಪೆಟ್ಟಿಗೆಗೆ ಮೂರು ಪಿನ್ನಿನ ಅಡಾಪ್ಟರೇ ಬೇಕು. ನಮ್ಮ ಪ್ಲಗ್ಗಿನ ದಪ್ಪ ಪಿನ್ನು ಅರ್ಥ್ ಪಿನ್ನು. ಪೆಟ್ಟಿಗೆಯ ಕಬ್ಬಿಣಕ್ಕೆ ಕರೆಂಟು ಇಳಿದರೆ ನಮ್ಮ ಜೀವ ಕಾಯುವುದು ಅದೇ.

ಒಂದು ಮಾತು ನೆನಪಿಡಿ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟ್ ಬದಲಿಸುವುದಿಲ್ಲ. ವೋಲ್ಟ್ ಬದಲಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಊರ ಹೊರಗೆ ಕಂಬದ ಮೇಲೆ ಇರುತ್ತದಲ್ಲ, ಅದರ ಚಿಕ್ಕ ತಮ್ಮ ಇದು. ಕೊಳ್ಳುವಾಗ ಅದರ ವಾಟ್ ಅಂಕಿ ನೋಡಿ. ಮಿಕ್ಸಿಯ ವಾಟಿಗಿಂತ ಅದು ಹೆಚ್ಚಿರಬೇಕು. ಇಂಥ ಟ್ರಾನ್ಸ್‌ಫಾರ್ಮರ್ ಬಹಳ ಭಾರ. ಅದನ್ನು ಹೊರುವ ಬದಲು ಅಲ್ಲಿಯೇ ಮಿಕ್ಸಿ ಕೊಳ್ಳುವುದು ಎಷ್ಟೋ ಮೇಲು.

ಈಗ ನಿಮ್ಮ ತಂಗಿಗೆ ಉತ್ತರ ಹೇಳಬಲ್ಲಿರಲ್ಲವೆ? "ಕುವೈತಿನಲ್ಲಿ ಮಿಕ್ಸಿ ನಡೀತೈತವ್ವಾ. ಮೂರು ಪಿನ್ನಿನ ಅಡಾಪ್ಟರ್ ತಗೊಂಡು ಹೋಗು."

ಇವತ್ತೇ ನಿಮ್ಮ ಮನೆಯ ಚಾರ್ಜರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ತಿರುವಿ ನೋಡಿ. ಯಾವುದರ ಮೇಲೆ ಯಾವ ಅಂಕಿ ಇದೆ? ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.