ನಿದ್ದೆ ಮದ್ದಿಲ್ಲದೆ ಮಗುವಿನ ತಲೆ ಸ್ಕ್ಯಾನ್

ಮೆದುಳಿನಲ್ಲಿ ನೀರು ತುಂಬುವ ಕಾಯಿಲೆಗೆ ಹೈಡ್ರೊಸೆಫಾಲಸ್ ಅಂತಾರೆ. ಆ ನೀರನ್ನು ಹೊಟ್ಟೆಗೆ ಇಳಿಸಲು ಹಲವು ಮಕ್ಕಳಿಗೆ ಶಂಟ್ ಎಂಬ ಸಣ್ಣ ಕೊಳವೆ ಹಾಕುತ್ತಾರೆ. ಅದು ಕಟ್ಟಿಕೊಂಡರೆ ವಾಂತಿ, ತಲೆನೋವು, ಮಂಪರು ಶುರುವಾಗಬಹುದು. ಹಾಗಾಗಿ ಈ ಮಕ್ಕಳಿಗೆ ಸ್ಕ್ಯಾನ್ ಮತ್ತೆ ಮತ್ತೆ ಬೇಕಾಗುತ್ತದೆ.

ಸಿಟಿ ಬೇಗ ಮುಗಿಯುತ್ತದೆ, ಆದರೆ ಪ್ರತಿ ಸಲ ವಿಕಿರಣ ತಗಲುತ್ತದೆ. ಎಂಆರ್‌ಐಗೆ ವಿಕಿರಣವಿಲ್ಲ; ಆದರೆ ತುಂಬಾ ಹೊತ್ತು ಅಲುಗಾಡಬಾರದು. ಅದಕ್ಕೇ ಚಿಕ್ಕ ಮಕ್ಕಳನ್ನು ಖಾಲಿ ಹೊಟ್ಟೆಯಲ್ಲಿರಿಸಿ ನಿದ್ದೆ ಮದ್ದು ಕೊಡುವುದು.

ಕ್ಷಿಪ್ರ ಎಂಆರ್‌ಐ ಕೆಲವೇ ನಿಮಿಷದ್ದು. ಮಗು ಸ್ವಲ್ಪ ಅಲುಗಾಡಿದರೂ ಪರವಾಗಿಲ್ಲ. ನೀರಿನ ಕೋಣೆಗಳು ಹಿಗ್ಗಿವೆಯೇ ಎಂದು ನೋಡಲು ಸಾಕಾಗುತ್ತದೆ. ಸೂಕ್ಷ್ಮ ವಿವರಕ್ಕೆ ಸಾಲದು.

ಈ ಸೌಕರ್ಯ ಉಂಟಾ ಎಂದು ಡಾಕ್ಟರಲ್ಲಿ ನಾವೇ ಕೇಳೋಣ. ಹಳೆಯ ಸ್ಕ್ಯಾನ್ ಕೈಯಲ್ಲಿರಲಿ. ಒತ್ತಡ ಹೊಂದಿಸುವ ಶಂಟ್ ಆದರೆ ಎಂಆರ್‌ಐ ನಂತರ ಸೆಟ್ಟಿಂಗ್ ನೋಡಿಸಬೇಕು. ಮಗು ಮಂಪರಾದರೆ ಮಾತ್ರ ಕಾಯುವುದು ಬೇಡ, ಕೂಡಲೇ ಆಸ್ಪತ್ರೆಗೆ ಹೋಗಬೇಕು.