ಕೋಸಿನ ಜಾತಿಯ ತರಕಾರಿಗಳು ಮತ್ತು ಸ್ತನ ಕ್ಯಾನ್ಸರ್

ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಸೊಪ್ಪು ಇವೆಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಇವನ್ನು ಹೆಚ್ಚುವಾಗ ಅಥವಾ ಅಗಿಯುವಾಗ ಇಂಡೋಲ್-3-ಕಾರ್ಬಿನಾಲ್ ಎಂಬ ಸಂಯುಕ್ತವು ಉತ್ಪತ್ತಿಯಾಗುತ್ತದೆ. ಈಸ್ಟ್ರೋಜೆನ್ ಹಾರ್ಮೋನು ಸ್ತನದ ಜೀವಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುತ್ತದೆ. ಅದು ಯಕೃತ್ತಿನಲ್ಲಿ ಮಾರ್ಪಡುವಾಗ, ಪ್ರಚೋದನೆ ಕಡಿಮೆಯಿರುವ ರೂಪವನ್ನು ಹೆಚ್ಚಾಗಿ ತಾಳಲು ಈ ಸಂಯುಕ್ತವು ನೆರವಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಆದರೆ ಇದರಿಂದ ಸ್ತನ ಕ್ಯಾನ್ಸರ್ ತಪ್ಪುತ್ತದೆಂಬುದು ಸಿದ್ಧಪಟ್ಟಿಲ್ಲ.

ತರಕಾರಿಯನ್ನು ಬಹಳ ಹೊತ್ತು ಬೇಯಿಸಿ ನೀರನ್ನು ಬಸಿದು ಚೆಲ್ಲಿದರೆ ಇಂತಹ ಅಂಶಗಳು ಬಹುಮಟ್ಟಿಗೆ ನಷ್ಟವಾಗುತ್ತವೆ. ಹದವಾಗಿ ಬೇಯಿಸುವುದು ಲೇಸು.

ಉತ್ತಮ ಆಹಾರವು ತಪಾಸಣೆಗೆ ಪರ್ಯಾಯವಲ್ಲ. 30 ವರ್ಷ ದಾಟಿದ ಮಹಿಳೆಯರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸ್ತನ ತಪಾಸಣೆ ಮಾಡಿಸಿಕೊಳ್ಳಬೇಕು. ಸ್ತನದಲ್ಲಿ ಗಂಟು ಕಂಡುಬಂದಲ್ಲಿ, ಅದು ನೋಯದಿದ್ದರೂ, ತಡಮಾಡದೆ ವೈದ್ಯರನ್ನು ಕಾಣಬೇಕು.