ಗುಡ್ಡದ ಮೇಲಿನ ಬಣ್ಣದ ಬೆಳಕು: ಶಾರ್ತ್ರ್

ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ಕತ್ತು ನೋಯುವವರೆಗೂ ತಲೆಯೆತ್ತಿ ಬಣ್ಣದ ಗಾಜು ನೋಡಿದ್ದು ನೆನಪಿದೆಯೇ? ಆ ಕಲೆ ಹಿಂದೆಯೇ ಮೆರೆದಿದ್ದ ಊರೊಂದಕ್ಕೆ ಈ ಬಾರಿ ಹೋಗಿಬರೋಣ.

ಪ್ಯಾರಿಸ್‌ನ ಮೋಂಪರ್ನಾಸ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದೂಕಾಲು ಗಂಟೆಯಲ್ಲಿ ಶಾರ್ತ್ರ್ ಬರುತ್ತದೆ. ಗೋಧಿ ಹೊಲಗಳ ಆಚೆಯಿಂದಲೇ ಗುಡ್ಡದ ನೆತ್ತಿಯ ಕೆಥೆಡ್ರಲ್ ಕಾಣುತ್ತದೆ. ಅದರ ಎರಡು ಗೋಪುರಗಳಲ್ಲಿ ಒಂದು ಸರಳ, ಇನ್ನೊಂದು ಕುಸುರಿಯದು. ಎತ್ತರವೂ ಒಂದೇ ಅಲ್ಲ. ಕೆಳಗೆ ಯೂರ್ ನದಿ, ಹಳೆಯ ಸೇತುವೆಗಳು, ಮೇಲಕ್ಕೇರುವ ಇಕ್ಕಟ್ಟಿನ ಓಣಿಗಳು.

1194ರಲ್ಲಿ ಬೆಂಕಿ ಬಿದ್ದು ಹಳೆಯ ಕೆಥೆಡ್ರಲ್ ಬಹುಪಾಲು ಸುಟ್ಟುಹೋಯಿತು. ಜನ ಮತ್ತೆ ಕಟ್ಟಿದರು. ಇಲ್ಲಿನ 170ಕ್ಕೂ ಹೆಚ್ಚು ಕಿಟಕಿಗಳ ಗಾಜಿನಲ್ಲಿ ಹೆಚ್ಚಿನದು 13ನೇ ಶತಮಾನದ ಮೊದಲ ಭಾಗದ್ದು. ಪಶ್ಚಿಮದ ಮೂರು ಕಿಟಕಿಗಳು ಮತ್ತು ನೀಲಿಯುಡುಗೆಯ ಮೇರಿಮಾತೆಯ ಚಿತ್ರ ಮಾತ್ರ ಬೆಂಕಿಗೂ ಮೊದಲಿನವು.

ಈ ಬಣ್ಣ ಬರುವುದು ಹೇಗೆ? ಮರಳು ಮತ್ತು ಮರದ ಬೂದಿಯನ್ನು ಕರಗಿಸಿದರೆ ಗಾಜು. ಅದಕ್ಕೆ ಕೋಬಾಲ್ಟ್ ಸೇರಿಸಿದರೆ ನೀಲಿ, ತಾಮ್ರ ಸೇರಿಸಿದರೆ ಕೆಂಪು. ಅಂದರೆ ಬಣ್ಣ ಗಾಜಿನ ಒಳಗೇ ಇದೆ. ಕಣ್ಣು, ಮೂಗು, ಬಟ್ಟೆಯ ನೆರಿಗೆಗಳನ್ನು ಮಾತ್ರ ಕಪ್ಪು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಡುತ್ತಿದ್ದರು. ಆಮೇಲೆ ಚೂರುಗಳನ್ನು ಸೀಸದ ಪಟ್ಟಿಗಳಿಂದ ಜೋಡಿಸುತ್ತಿದ್ದರು.

ಕಿಟಕಿಯ ಕತೆಯನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಹಲವು ಕಿಟಕಿಗಳ ಬುಡದಲ್ಲಿ ರೊಟ್ಟಿ ಸುಡುವವರು, ಚಮ್ಮಾರರು, ಬಡಗಿಗಳು ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ. ಸಂತರ ಜೊತೆಗೆ ದುಡಿಯುವ ಕೈಗಳಿಗೂ ಇಲ್ಲಿ ಜಾಗವಿದೆ.

ಇಷ್ಟೆಲ್ಲ ಉಳಿದದ್ದು ತಾನಾಗಿಯೇ ಅಲ್ಲ. 1939ರಲ್ಲಿ ಯುದ್ಧದ ಭಯ ಬಂದಾಗ ಗಾಜುಗಳನ್ನು ಬಿಚ್ಚಿ, ಪೆಟ್ಟಿಗೆಗಳಲ್ಲಿಟ್ಟು ಕಾಪಾಡಿದರು. 1944ರ ಆಗಸ್ಟ್‌ನಲ್ಲಿ ಗೋಪುರದಲ್ಲಿ ಜರ್ಮನ್ ಸೈನಿಕರಿದ್ದಾರೆಂಬ ಶಂಕೆಯಿತ್ತು. ವೆಲ್‌ಬೋರ್ನ್ ಗ್ರಿಫಿತ್ ಎಂಬ ಅಮೆರಿಕನ್ ಕರ್ನಲ್ ಸ್ವತಃ ಒಳಹೊಕ್ಕು ನೋಡಿ, ಯಾರೂ ಇಲ್ಲವೆಂದು ತಿಳಿಸಿದರು. ಅದೇ ದಿನ ಸಮೀಪದ ಲೇವ್ ಎಂಬಲ್ಲಿ ಅವರು ಗುಂಡಿಗೆ ಬಲಿಯಾದರು. ಗಾಜುಗಳು ಯುದ್ಧ ಮುಗಿದ ಮೇಲೆ ತಮ್ಮ ಜಾಗಕ್ಕೆ ಮರಳಿದವು. 1979ರಲ್ಲಿ ಈ ಕೆಥೆಡ್ರಲ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಹೋಗುವವರಿಗೆ ಎರಡು ಕಿವಿಮಾತು: ಬೈನಾಕ್ಯುಲರ್ ಒಯ್ಯಿರಿ, ಮೇಲಿನ ಚಿತ್ರಗಳು ಬಲು ಎತ್ತರದಲ್ಲಿವೆ. ಬಿಸಿಲಿರುವ ದಿನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಳಗೆ ಹೋಗಿ. ಸೂರ್ಯ ಸರಿದಂತೆ ಬೆಳಗುವ ಕಿಟಕಿಯೂ ಬದಲಾಗುತ್ತದೆ. ಪಶ್ಚಿಮದ ಹಳೆಯ ಗಾಜಿಗೆ ಸಂಜೆಯೇ ಸರಿಯಾದ ಹೊತ್ತು.